ಹಿಮದ ಮೇಲೆ ಕಂಡ ಎರಡು ಗೆರೆಗಳು

ಹಣಮಪ್ಪನನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಸಿಡ್ನಿಯ ಎಪ್ಪಿಂಗಿನಿಂದ ವಿಜಯಾ ಬರೆಯುವುದು. ಹೋದ ವರ್ಷ ಶ್ರಾವಣದ ಎರಡನೆಯ ಶನಿವಾರ ನನ್ನ ಯಜಮಾನರು ಶಿವಾನಂದ ಮತ್ತು ಅವರ ಗೆಳೆಯ ರಘು ಹಿಮದ ಬೆಟ್ಟಕ್ಕೆ ಹೋದವರು ಸಂಜೆಗೆ ತಿರುಗಿ ಬರಲಿಲ್ಲ. ಎಲ್ಲಿಗೆ ಹೋಗಿದ್ದಾರೆ ಎಂದು ಪೊಲೀಸರು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮಾಡಿಕೊಂಡವಳು ನಾನೇ.

ನಮ್ಮ ಭಜನಾ ಬಳಗದ ಹಿರಿಯರು ಈ ಅನುಭವ ಬರೆದುಕೊಡು ಎಂದು ಮೂರು ಸಲ ಹೇಳಿದರು. ಮೂರು ಸಲವೂ ಆಗಲಿ ಎಂದು ಸುಮ್ಮನಾದೆ. ಯಾಕೆ ಸುಮ್ಮನಾದೆ ಎನ್ನುವುದು ಓದುತ್ತಾ ನಿಮಗೇ ತಿಳಿಯುತ್ತದೆ.

ನಾನು ಧಾರವಾಡದವಳು. ಬೆಳೆದದ್ದು ಅಜ್ಜಿಯ ಹತ್ತಿರ, ಮಾತು ಕಲಿತದ್ದೂ ಅವಳಿಂದ. ಅವಳ ಮಾತಿನ ಜೊತೆ ಅವಳ ಕಟ್ಟುಪಾಡುಗಳೂ ನನ್ನ ಸಂಗಡ ವಿಮಾನ ಹತ್ತಿದವು. ಅದರಲ್ಲಿ ಮುಖ್ಯವಾದದ್ದು, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. "ಕೇಳಿದ್ರ ದಾರಿಗೆ ಅಡ್ಡ ಕಟ್ಟಿಗಿ ಇಟ್ಟಂಗವಾ" ಎನ್ನುತ್ತಿದ್ದಳು. ನಮ್ಮ ಅಜ್ಜ ಒಮ್ಮೆ ಗದಗಿಗೆ ಲಗ್ನದ ಮಾತಿಗೆ ಹೊರಟಾಗ ಪಕ್ಕದ ಮನೆಯ ಫಕೀರಪ್ಪ ಕಟ್ಟೆಯ ಮೇಲಿಂದ, "ಎಲ್ಲಿಗೆ ಹೊಂಟ್ರಿ ಗೌಡ್ರ, ಧೋತರ ಭಾಳ ಬೆಳ್ಳಗೈತಿ" ಎಂದನಂತೆ. ಅಜ್ಜ ಒಳಗೆ ಬಂದು, ಕಾಲು ತೊಳೆದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಟರು. ಫಕೀರಪ್ಪ ಅಲ್ಲೇ ಇದ್ದ. "ಯಾಕ, ಏನರ ಮರತಿದ್ರೇನು? ಎಲ್ಲಿಗೆ ಹೊಂಟಿದ್ರಿ?" ಮೂರನೆಯ ಸಲ ಅಜ್ಜ ಹಿತ್ತಲ ಬಾಗಿಲಿನಿಂದ ಹೋದರು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಈ ಕತೆ ಹೇಳಿಕೊಂಡು ನಾವೆಲ್ಲ ನಗುತ್ತಿದ್ದೆವು. ನಗುತ್ತಲೇ ಅದನ್ನು ಪಾಲಿಸುತ್ತಲೂ ಇದ್ದೆವು.

ನನ್ನವರು ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ರಘು ಮೈಸೂರಿನವನು, ಮನೆ ಮೆಲ್ಬರ್ನಿನ ವೆರಿಬೀಯಲ್ಲಿ. ಮೊದಲು ಇಬ್ಬರೂ ಒಂದೇ ಕಡೆ ಕೆಲಸದಲ್ಲಿದ್ದಾಗ ಹತ್ತಿದ್ದು, ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ತಿರುಗುವ ಈ ಹುಚ್ಚು. ಚಳಿಗಾಲದಲ್ಲಿ ಇವರು ಇಲ್ಲಿಂದ, ಅವನು ಅಲ್ಲಿಂದ ಕಾರಿನಲ್ಲಿ ಹೊರಟು ನಡುವಿನ ಬೆಟ್ಟಗಳಲ್ಲಿ ಸೇರುತ್ತಿದ್ದರು. ಟಿಕೆಟ್ ಕೊಂಡು ಲಿಫ್ಟಿನಲ್ಲಿ ಹತ್ತಿ ಜಾರುವ ಜಾಗಗಳಲ್ಲ. ಬೇಲಿಯಾಚೆ, ಕಾಯುವವರು ಯಾರೂ ಇಲ್ಲದ ಕಡೆ. ಅಲ್ಲಿ ನಡೆಯುವವರು ಹಿಮದಲ್ಲಿ ಸೊಂಟದಾಳದ ಗುಂಡಿ ತೋಡಿ, ಪದರು ಪದರಾಗಿ ಮುಟ್ಟಿ ನೋಡಿ, ಈ ಇಳಿಜಾರು ನಿಲ್ಲುತ್ತದೋ ಕುಸಿಯುತ್ತದೋ ಎಂದು ಲೆಕ್ಕ ಹಾಕುತ್ತಾರೆ.

ಅದೇನು ಲೆಕ್ಕ ಎಂದು ಒಂದು ದೀಪಾವಳಿಗೆ ನಮ್ಮ ಮನೆಯಲ್ಲಿ ರಘು ಹೋಳಿಗೆ ತಟ್ಟೆ ಹಿಡಿದು ವಿವರಿಸಿದ್ದ.

"ಅಕ್ಕಾ, ಕೆಳಗಿನ ಹೋಳಿಗೆ ಮಳೆ ಬಿದ್ದು ಗಟ್ಟಿಯಾದ ಐಸ್ ಅನ್ಕೊಳ್ಳಿ. ಮೇಲಿನದು ಗಾಳಿ ಹೊತ್ಕೊಂಡು ಬಂದು ಒಟ್ಟಿರೋ ಹೊಸ ಹಿಮ. ಮಧ್ಯೆ ನೀವು ತುಪ್ಪ ಸುರಿದಿದೀರಾ, ಎರಡೂ ಅಂಟ್ಕೊಂಡಿಲ್ಲ. ಈಗ ತಟ್ಟೆ ಓರೆ ಮಾಡಿದ್ರೆ?"

ಮೇಲಿನ ಹೋಳಿಗೆ ಜಾರಿ ಅವನ ಕೈಗೆ, ಕೈಯಿಂದ ಬಾಯಿಗೆ ಹೋಯಿತು. "ಹಿಮ ಕುಸಿಯೋದು ಅಂದ್ರೆ ಇಷ್ಟೇ."

ಅವನ ಹೆಂಡತಿ ಸುಮಾ, "ಇದು ನಾಲ್ಕನೇ ಕುಸಿತ ಅಕ್ಕಾ, ತಟ್ಟೆ ಕಿತ್ಕೊಳ್ಳಿ" ಎಂದಳು. ಎಲ್ಲರೂ ನಕ್ಕೆವು.

ಆ ಶುಕ್ರವಾರ ನನ್ನವರು ಆಫೀಸಿನಿಂದ ತಡವಾಗಿ ಬಂದರು. ಗಡಿಬಿಡಿಯಲ್ಲಿ ಊಟ ಮಾಡಿ, ಚೀಲ ಕಾರಿಗೆ ಹಾಕಿ, ಶೂ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಾಗ ಕೈಯಲ್ಲೊಂದು ಕಾಗದ ಇತ್ತು.

"ವಿಜ್ಜೂ, ಈ ಸಲ ಯಾವ ದಾರಿ ಹಿಡೀತೀವಿ ಅಂತ ಬರದೀನಿ. ಒಂದು ಸಲ ಹೇಳ್ತೀನಿ, ಕೇಳು."

"ಶೂ ಹಾಕ್ಕೊಂಡು ನಿಂತೀರಿ. ಈಗ ಎಲ್ಲಿಗೆ ಏನಂತ ಹೇಳಬ್ಯಾಡ್ರಿ."

"ನೀ ಕೇಳಲಿಲ್ಲಲ್ಲ, ನಾನಾಗೇ ಹೇಳಾಕತ್ತೀನಿ."

"ಎರಡೂ ಒಂದ. ಮುಟ್ಟಿದ ಮ್ಯಾಲೆ ಫೋನಿನಾಗ ಕಳಸ್ರಿ."

"ನಿಮ್ಮಜ್ಜಿ ಆಸ್ಟ್ರೇಲಿಯಾಕ್ಕೂ ಬಂದಾಳ ನೋಡು" ಎಂದು ನಕ್ಕು ಕಾಗದವನ್ನು ಜೇಬಿಗೆ ಹಾಕಿಕೊಂಡು ಹೋದರು. ರಾತ್ರಿ "ಮುಟ್ಟಿದೆ" ಎಂದಷ್ಟೇ ಸಂದೇಶ ಬಂತು. ದಣಿದಿದ್ದರು, ದಾರಿಯ ವಿಷಯ ಮರೆತರು. ನಾನೂ ಕೇಳಲಿಲ್ಲ.

ಶನಿವಾರ ನನಗೆ ಉಪವಾಸ. ಹಣಮಪ್ಪನ ಫೋಟೋಕ್ಕೆ ವೀಳ್ಯದೆಲೆಯ ಎಲೆ ಪೂಜೆ ಕಟ್ಟಿ, ಸಂಜೆ ದೀಪ ಹಚ್ಚಿ ಕಾಯುತ್ತಾ ಕೂತೆ. ಕತ್ತಲಾಗುವ ಮುಂಚೆ ಕಾರಿನ ಹತ್ತಿರ ಬಂದು ಫೋನ್ ಮಾಡುವುದು ಅವರ ಪದ್ಧತಿ. ಆರಾಯಿತು, ಏಳಾಯಿತು. ಏಳೂವರೆಗೆ ಫೋನ್ ಬಂತು. ಸುಮಾ.

"ಅಕ್ಕಾ, ಶಿವಣ್ಣ ಫೋನ್ ಮಾಡಿದ್ರಾ?"

"ಇಲ್ಲವಾ. ರಘು?"

"ಇಲ್ಲ. ಬೆಳಿಗ್ಗೆ ಹೊರಡುವಾಗ ಮಾಡಿದ್ದು ಅಷ್ಟೇ. ಪೊಲೀಸ್‌ಗೆ ಹೇಳ್ಬಿಡೋಣ ಅಕ್ಕಾ. ದಾರಿ ವಿವರ ಎಲ್ಲಾ ವಿಜಯಕ್ಕನ ಹತ್ರ ಇರುತ್ತೆ, ನೀನು ಚಿಂತೆ ಮಾಡ್ಬೇಡ ಅಂದಿದ್ರು ಇವ್ರು. ಅದನ್ನ ಅವರಿಗೆ ಕೊಟ್ಬಿಡಿ."

"ಅಕ್ಕಾ? ಲೈನಲ್ಲಿದೀರಾ?" ಎಂದು ಅವಳು ಎರಡು ಸಲ ಕೇಳಿದಳು.

"ನನ್ನ ಹತ್ರ ಇಲ್ಲ ಸುಮಾ" ಎಂದೆ.

ಪೊಲೀಸರಿಗೆ ಫೋನ್ ಮಾಡಿದಾಗ ಸಿಕ್ಕ ಅಧಿಕಾರಿ ಒಬ್ಬ ಹೆಣ್ಣುಮಗಳು, ಸಮಾಧಾನದ ದನಿ. ಯಾವ ಕಣಿವೆ? ಗೊತ್ತಿಲ್ಲ. ಹೋಗುವ ದಾರಿಯಲ್ಲೇ ವಾಪಸು ಬರುವವರಿದ್ದರೇ? ಗೊತ್ತಿಲ್ಲ. ರಾತ್ರಿ ತಂಗುವ ಗುಡಾರ ಒಯ್ದಿದ್ದರೇ? ಇಲ್ಲ ಎನ್ನಿಸುತ್ತದೆ. ಜಾಕೆಟ್ಟಿನ ಬಣ್ಣ? ಅದೊಂದು ಗೊತ್ತಿತ್ತು, ಕಿತ್ತಳೆ. ಒಂದು ತಾಸಿನ ನಂತರ ಮತ್ತೆ ಫೋನ್ ಮಾಡಿದರು. ಕಾರುಗಳು ಸಿಕ್ಕಿವೆ, ಅಲ್ಲಿಂದ ನಾಲ್ಕು ಕಡೆಗೆ ಹೋಗಬಹುದು, ಹೆಜ್ಜೆ ಗುರುತುಗಳನ್ನು ಗಾಳಿ ಅಳಿಸಿದೆ, ಬೆಟ್ಟದ ಮೇಲೆ ಮೋಡ ಕೂತಿದೆ. ಬೆಳಕು ಹರಿದ ಕೂಡಲೇ ಎರಡು ತಂಡಗಳು ಹೊರಡುತ್ತವೆ. "ನಾಲ್ಕರಲ್ಲಿ ಯಾವ ಎರಡು ಎಂದು ನಾವು ಊಹೆ ಮಾಡಬೇಕಾಗುತ್ತದೆ" ಎಂದರು. ಆ ಮಾತಿನಲ್ಲಿ ನಿಂದೆ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ದೇವರ ಮುಂದೆ ಕೂತು ನಾನು ಬೇಡಿಕೊಂಡದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಹಣಮಪ್ಪಾ, ತಪ್ಪು ನಂದು. ನನ್ನ ತಪ್ಪಿಗೆ ಅವರಿಬ್ಬರನ್ನ ಶಿಕ್ಷಿಸಬ್ಯಾಡ. ನಾ ಕೇಳಲಿಲ್ಲ, ನನಗ ಗೊತ್ತಿಲ್ಲ. ಗೊತ್ತಿಲ್ಲದವರ ಕಣ್ಣಿಗಾದರೂ ಅವರನ್ನ ತೋರಸು. ಒಂದು ಕಣ್ಣು ಸಾಕು." ಬೇರೆ ಮಂತ್ರ, ಸ್ತೋತ್ರ ಯಾವುದೂ ನೆನಪಿಗೆ ಬರಲಿಲ್ಲ. ಇದೇ ಮಾತು ಬೆಳಗಿನವರೆಗೂ ಬಾಯಲ್ಲಿತ್ತು.

ಮನೆಯಲ್ಲಿದ್ದ ಒಂದೇ ಕಾರನ್ನು ಅವರು ಒಯ್ದಿದ್ದರು. ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಸೆಂಟ್ರಲ್ ನಿಲ್ದಾಣಕ್ಕೆ ಹೋಗಿ, ಕ್ಯಾನ್ಬೆರಾದ ಎಂಟು ಗಂಟೆಯ ಬಸ್ಸು ಹಿಡಿದೆ. ಅಲ್ಲಿಂದ ಬೆಟ್ಟದ ಕಡೆಗೆ ಇನ್ನೊಂದು ಬಸ್ಸು. ಫೋನಿನ ಚಾರ್ಜು ಇಳಿಯಬಾರದೆಂದು ಅದನ್ನು ಮಡಿಲಲ್ಲಿ ಮುಖ ಕೆಳಗೆ ಮಾಡಿ ಇಟ್ಟುಕೊಂಡಿದ್ದೆ. ಗೋಲ್ಬರ್ನಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಎಲ್ಲರೂ ಕಾಫಿಗೆ ಇಳಿದರು. ಆಗ ಫೋನ್ ಬಂತು. ಅದೇ ಅಧಿಕಾರಿ.

"ನೀವು ಈಗ ಎಲ್ಲಿದ್ದೀರಿ? ಕೂತಿದ್ದೀರಾ?" ಎಂದು ಕೇಳಿದರು. ಕೂತಿದ್ದೇನೆ ಎಂದೆ.

"ಇಬ್ಬರೂ ಸಿಕ್ಕಿದ್ದಾರೆ. ಹಿಮ ಕುಸಿದಿದೆ. ಒಬ್ಬರು ಜೀವಂತ ಇದ್ದಾರೆ, ಹೆಲಿಕಾಪ್ಟರಿನಲ್ಲಿ ಕ್ಯಾನ್ಬೆರಾ ಆಸ್ಪತ್ರೆಗೆ ತರುತ್ತಿದ್ದಾರೆ. ಇನ್ನೊಬ್ಬರು ಬದುಕಿಲ್ಲ."

"ಯಾರು?"

"ತಂಡದವರಿಗೆ ಹೆಸರು ಖಚಿತವಾಗಿಲ್ಲ. ಬದುಕಿರುವವರು ಮಾತಾಡುವ ಸ್ಥಿತಿಯಲ್ಲಿಲ್ಲ. ಊಹೆಯಲ್ಲಿ ಹೇಳಲಾರೆ, ಕ್ಷಮಿಸಿ. ನೀವು ಕ್ಯಾನ್ಬೆರಾದಲ್ಲೇ ಇಳಿದುಬಿಡಿ."

ಇಬ್ಬರದೂ ಒಂದೇ ಎತ್ತರ, ಒಂದೇ ಮೈಬಣ್ಣ. ಕಿತ್ತಳೆ ಜಾಕೆಟ್ಟುಗಳನ್ನು ಮಾರಾಟದ ರಿಯಾಯಿತಿಯಲ್ಲಿ ಒಟ್ಟಿಗೆ ಕೊಂಡಿದ್ದರು.

ಗೋಲ್ಬರ್ನಿನಿಂದ ಕ್ಯಾನ್ಬೆರಾಕ್ಕೆ ಒಂದು ತಾಸು. ಬಂಧುಗಳೇ, ಆ ಒಂದು ತಾಸಿನಲ್ಲಿ ನನ್ನ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ. ಏನೆಂದು ಬೇಡಲಿ? ನನ್ನ ಗಂಡ ಉಳಿಯಲಿ ಎಂದರೆ ಸುಮಾಳ ಗಂಡ ಸಾಯಲಿ ಎಂದ ಹಾಗೆ. ಹೋಳಿಗೆ ತಟ್ಟೆ ಹಿಡಿದ ಆ ಹುಡುಗಾಟದ ಮುಖ ಕಣ್ಣ ಮುಂದೆಯೇ ಇತ್ತು. ಆದರೂ ಸುಳ್ಳು ಬರೆಯಲಾರೆ. ದಾರಿಪಕ್ಕದ ನೀರು ಬತ್ತಿದ ದೊಡ್ಡ ಕೆರೆಯೊಂದರ ಬಯಲು ಕಿಟಕಿಯಲ್ಲಿ ಹಾಯುವಾಗ ಒಂದು ಸಲ ಮನಸ್ಸು 'ಬದುಕಿದವರು ನನ್ನವರೇ ಆಗಿರಲಿ' ಎಂದಿತು. ತಕ್ಷಣ ಕಿಟಕಿಯ ಪರದೆ ಎಳೆದುಬಿಟ್ಟೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಸರು ಹೇಳುವ ಮುಂಚೆಯೇ ನನ್ನ ಮುಖ ನೋಡಿ ಒಬ್ಬಳು ನರ್ಸ್ ಹತ್ತಿರ ಬಂದಳು.

"ಅವರು ಏನೋ ಕನವರಿಸುತ್ತಿದ್ದಾರೆ. ವಿಜ್ಜೂ ಅಂದರೆ ಏನು? ನೀರಾ?"

"ನಾನು" ಎಂದೆ.

ಅದೇ ಮಧ್ಯಾಹ್ನ ವೆರಿಬೀಯಲ್ಲಿ ಸುಮಾಳ ಮನೆಯ ಬಾಗಿಲಲ್ಲಿ ಇಬ್ಬರು ಪೊಲೀಸರು ಟೋಪಿ ತೆಗೆದು ನಿಂತಿದ್ದರು.

ನನ್ನವರ ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಬಲಗಾಲಿನ ಎರಡು ಬೆರಳು ಚಳಿಗೆ ಸತ್ತಿದ್ದವು, ಅವನ್ನು ತೆಗೆದರು. ಮೂರನೆಯ ದಿನ ಅವರು ತಾವಾಗಿಯೇ ಮಾತಾಡಿದರು. ಶನಿವಾರ ಬೆಳಿಗ್ಗೆ ಮೇಲಿನ ದಿಬ್ಬದಲ್ಲಿ ಗುಂಡಿ ತೋಡಿ ನೋಡಿದರಂತೆ. ಐಸಿನ ಮೇಲೆ ಹೊಸ ಹಿಮ ಹಲಗೆಯ ಹಾಗೆ ಕೂತಿತ್ತು, ಗುದ್ದಲಿಯಿಂದ ತಟ್ಟಿದರೆ ಪೂರ್ತಿ ಕಳಚಿ ಬಂತು. ಹೆಜ್ಜೆ ಇಟ್ಟರೆ ಒಳಗಿನಿಂದ 'ಧುಮ್' ಎಂಬ ಸದ್ದು.

"ರಘು ಬ್ಯಾಡ ಅಂದ. ನಾನೂ ಬ್ಯಾಡ ಅಂದೆ. ಆ ಇಳಿಜಾರು ಬಿಟ್ವಿ ವಿಜ್ಜೂ. ಬಿಟ್ಟು ಕೆಳಗ ಕಣಿವ್ಯಾಗಿಂದ ಕಾರಿನ ಕಡೆ ಹೊಂಟ್ವಿ. ಅದರ ಮ್ಯಾಲೆ ಹೋಗಲಿಲ್ಲ, ಖರೆ. ಅದರ ಬುಡಕ ಹೋದ್ವಿ."

ಮಧ್ಯಾಹ್ನದ ಬಿಸಿಲಿಗೆ ಶಿಖರದ ಅಂಚಿನಲ್ಲಿ ಚಾಚಿಕೊಂಡಿದ್ದ ಹಿಮದ ಸೂರು ಮುರಿದು ಬಿತ್ತು. ಅದು ಬಿದ್ದ ಪೆಟ್ಟಿಗೆ ಇಳಿಜಾರಿಗೆ ಇಳಿಜಾರೇ ಕಳಚಿತು. ಇವರನ್ನು ಅಂಚಿಗೆ ಎಸೆಯಿತು, ರಘುವನ್ನು ನುಂಗಿತು. ಸಹಾಯ ಕರೆಯುವ ಯಂತ್ರ ರಘುವಿನ ಚೀಲದಲ್ಲಿತ್ತು, ಚೀಲ ಹಿಮದ ಪಾಲಾಯಿತು. ಇಂಥ ಕಡೆ ಹೋಗುವವರು ಎದೆಗೆ ಕಟ್ಟಿಕೊಳ್ಳುವ ಒಂದು ಸಣ್ಣ ಪೆಟ್ಟಿಗೆ ಇದೆ, ಹೂತುಹೋದವರು ಎಲ್ಲಿದ್ದಾರೆಂದು ಅದು ಸದ್ದು ಮಾಡಿ ತೋರಿಸುತ್ತದೆ. ಅದನ್ನು ಹಿಡಿದು, ಮುರಿದ ಕಾಲು ಎಳೆದುಕೊಂಡು ಹೋಗಿ, ಜಾಗ ಹುಡುಕಿ ತೋಡಿದರು. ಕುಸಿದ ಹಿಮ ಕಾಂಕ್ರೀಟಿನ ಹಾಗೆ ಗಟ್ಟಿಯಾಗುತ್ತದಂತೆ. ಮುಖ ಕಾಣುವಷ್ಟರಲ್ಲಿ ಅರ್ಧ ತಾಸು ಮೇಲಾಗಿತ್ತು.

"ಉಸಿರು ಊದಿದೆ, ಎದಿ ಒತ್ತಿದೆ. ಭಾಳ ಹೊತ್ತು. ಆಮ್ಯಾಲೆ ಅವನ ಕೈಗವಸು ತಗದು ನಾ ಹಾಕ್ಕೊಂಡೆ. ನನ್ನವು ಹೋಗಿದ್ವು." ಇದನ್ನು ಹೇಳಿ ಅವರು ಗೋಡೆಯ ಕಡೆ ಹೊರಳಿದರು. ಆ ರಾತ್ರಿಯೆಲ್ಲಾ ಹಿಮದಲ್ಲಿ ಒಂದು ಗೂಡು ಕೊರೆದುಕೊಂಡು ಅವನ ಪಕ್ಕದಲ್ಲೇ ಇದ್ದರು. ಜೇಬಿನಲ್ಲಿ ಆ ಕಾಗದ ಇತ್ತು.

ನಾಲ್ಕನೆಯ ದಿನ ಆಸ್ಪತ್ರೆಗೆ ಒಬ್ಬ ಹೆಂಗಸು ಬಂದರು. ಹೆಸರು ಹೆಲೆನ್, ವಯಸ್ಸು ಅರವತ್ತರ ಹತ್ತಿರ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಾಳಿಗೆ ಒಡೆದ ತುಟಿ. ಇವರು ಇಂಥ ಕಣಿವೆಯಲ್ಲಿರಬಹುದು ಎಂದು ಪೊಲೀಸರಿಗೆ ಫೋನ್ ಮಾಡಿದವರು ಅವರೇ. ಹಿಮದಲ್ಲಿ ನಡೆಯುವವರು ತಾವು ಕಂಡದ್ದನ್ನು ಇನ್ನೊಬ್ಬರಿಗೆ ತಿಳಿಸಲು ಬರೆಯುವ ಒಂದು ಪುಟ ಇಂಟರ್ನೆಟ್ಟಿನಲ್ಲಿದೆಯಂತೆ. ಎಲ್ಲಿ ಬಿರುಕು ಕಂಡಿತು, ಯಾವ ಪದರು ಜಾರಿತು ಎಂದೆಲ್ಲ. ಶನಿವಾರ ಬೆಳಿಗ್ಗೆ ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿದ ಐದು ನಿಮಿಷದಲ್ಲಿ, ಈ ಇಳಿಜಾರನ್ನು ನಂಬಬೇಡಿ ಎಂದು ರಘು ಅಲ್ಲಿ ಬರೆದಿದ್ದ.

"ನಾನು ಆ ಕಣಿವೆಯಲ್ಲೇ ಗುಡಾರ ಹಾಕುವವಳಿದ್ದೆ" ಎಂದರು ಹೆಲೆನ್. "ಆ ಬರಹ ಓದಿ ಬೇಡವೆಂದು ಎದುರಿನ ದಿಬ್ಬಕ್ಕೆ ಹೋಗಿ ಮಲಗಿದೆ. ಬೆಳಿಗ್ಗೆ ಮೋಡ ಸರಿದಾಗ ಕುಸಿತ ಕಂಡಿತು. ಗಾಳಿ ತಾಗದ ಮೂಲೆಯಲ್ಲಿ ಸ್ಕೀ ಎಳೆದ ಎರಡು ಗೆರೆ ಕಣಿವೆಯ ಒಳಗೆ ಹೋಗಿದ್ದವು. ಹೊರಗೆ ಬಂದ ಗೆರೆ ಹುಡುಕಿದೆ. ಇರಲಿಲ್ಲ."

ಪೊಲೀಸರ ಎರಡೂ ತಂಡಗಳು ಆಗ ಬೇರೆ ಕಣಿವೆಗಳಲ್ಲಿದ್ದವು. ಇನ್ನೊಂದೆರಡು ತಾಸು ತಡವಾಗಿದ್ದರೆ ನನ್ನವರು ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಒಂದು ಕಣ್ಣು ಕೊಡು ಎಂದು ಬೇಡಿದ್ದೆ. ಕೊಟ್ಟ. ಆದರೆ ನಾನು ಬೇಡುವುದಕ್ಕೆ ಮುಂಚೆಯೇ, ನಾನಿನ್ನೂ ಎಲೆ ಪೂಜೆ ಕಟ್ಟುತ್ತಿದ್ದಾಗಲೇ, ಆ ಕಣ್ಣನ್ನು ಆ ದಿಬ್ಬಕ್ಕೆ ಕಳಿಸಿಯಾಗಿತ್ತು. ಕಳಿಸಿದ್ದು ರಘುವಿನ ಕೈಯಿಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹಲವರು ಇಂಥ ಶಕುನಗಳನ್ನು ಭಕ್ತಿ ಎಂದೇ ತಿಳಿದಿದ್ದೇವೆ, ನಾನೂ ತಿಳಿದಿದ್ದೆ. ನನ್ನ ಅಜ್ಜಿಯ ಮೇಲೆ ನನಗೆ ಕೋಪವಿಲ್ಲ. ಅವಳ ಕಾಲಕ್ಕೆ ಹೊರಟವರು ಹೋಗುತ್ತಿದ್ದದ್ದು ಗದಗಿಗೆ, ದಾರಿಯುದ್ದಕ್ಕೂ ಗುರುತಿನವರು. ನಿಮ್ಮ ಮನೆಯವರು ಬೆಟ್ಟಕ್ಕೋ ಸಮುದ್ರಕ್ಕೋ ಹೊರಟರೆ ದಯವಿಟ್ಟು ಕೇಳಿ, ಬರೆಸಿಕೊಳ್ಳಿ. ಕೇಳಿದ್ದಕ್ಕೆ ಮುನಿಯುವಷ್ಟು ಸಣ್ಣವನಲ್ಲ ನಮ್ಮ ಹಣಮಪ್ಪ.

ಪೋಸ್ಟ್‌ಮಾರ್ಟಂ ಮುಗಿದು ರಘುವಿನ ದೇಹ ಮೆಲ್ಬರ್ನಿಗೆ ಹೋಗಲು ಎಂಟು ದಿನ ಹಿಡಿಯಿತು. ಕಾರ್ಯದ ದಿನ ನಾನೊಬ್ಬಳೇ ವಿಮಾನದಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ವೆರಿಬೀಗೆ ಹೋದೆ. ಸುಮಾಳ ಮುಂದೆ ನಿಂತು ಹೊಸ್ತಿಲ ಮಾತು, ಕಾಗದದ ಮಾತು, ಎಲ್ಲವನ್ನೂ ಹೇಳಿದೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಕೇಳಿದಳು.

"ಇವ್ರು ಹಿಮದೊಳಗೆ ಹತ್ತು ಹದಿನೈದು ನಿಮಿಷನೂ ಬದುಕಿರ್ಲಿಲ್ಲ ಅಂದ್ರು ಡಾಕ್ಟರ್. ಯಾರಿಗೆ ಏನು ಗೊತ್ತಿದ್ರೂ ಉಳೀತಿರ್ಲಿಲ್ಲ. ಅದು ನನಗೆ ಅರ್ಥ ಆಗುತ್ತೆ. ಆದ್ರೂ ನಿಮ್ಮ ಮೇಲೆ ಸಿಟ್ಟಿದೆ ಅಕ್ಕಾ. ಇನ್ನೂ ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

"ಇರಲಿ" ಎಂದೆ.

"ಊಟ ಮಾಡಿ. ಬೆಳಿಗ್ಗೆಯಿಂದ ತಿಂದಿಲ್ಲ ನೀವು, ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ತಟ್ಟೆ ಹಾಕಿದಳು.

ರಘುವಿನ ತಾಯಿ ಮಗನ ಮನೆ ನೋಡಲೆಂದು ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತಷ್ಟೆ. ಊಟವಾದ ಮೇಲೆ ಅವರು ಟ್ಯಾಬ್ಲೆಟ್ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು.

"ನಮ್ಮ ರಘು ಬರ್ದಿದ್ದರ ಕೆಳಗೆ ಜನ ಏನೇನೋ ಬರ್ದಿದಾರಂತೆ. ಸುಮಾಗೆ ಓದಕ್ಕೆ ಆಗ್ತಿಲ್ಲ. ನನಗೆ ಇಂಗ್ಲಿಷ್ ಬರಲ್ಲ. ನೀನು ಓದಿ ಹೇಳಮ್ಮ."

ಓದಿದೆ. ಮೊದಲನೆಯದು ಒಬ್ಬ ತಂದೆಯದು, ನಿನ್ನ ಮಾತು ಓದಿ ಮಕ್ಕಳನ್ನು ಕರೆದುಕೊಂಡು ಹಿಂದಿರುಗಿದೆವು, ಕೃತಜ್ಞತೆಗಳು ಎಂದು.

"ಅವರು ಮನೆ ಸೇರಿದ್ರಾ?"

"ಸೇರಿದ್ರು ಅಮ್ಮ."

ಎರಡನೆಯದು ಮೂವರು ಕಾಲೇಜು ಹುಡುಗಿಯರದು. ಆ ಇಳಿಜಾರಿನ ನೆತ್ತಿಯಲ್ಲಿ ನಿಂತು ಫೋನಿನಲ್ಲಿ ಓದಿ, ಇಳಿಯದೆ ತಿರುಗಿದರಂತೆ.

"ಅವರು?"

"ಸೇರಿದ್ರು."

ಹೀಗೆ ಒಂದೊಂದಾಗಿ. ಕೊನೆಯದು ಹೆಲೆನ್ ಅವರದು. ಅವರು ಯಾರು, ಅವರಿಂದ ಏನಾಯಿತು ಎಂದು ವಿವರಿಸಿದೆ. ತಾಯಿ ಟ್ಯಾಬ್ಲೆಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದರು. "ನಿನ್ನ ಯಜಮಾನ್ರು?" ಎಂದರು.

"ಆಸ್ಪತ್ರೆಯಲ್ಲಿದಾರೆ ಅಮ್ಮ. ಇನ್ನೂ ಮನೆ ಸೇರಿಲ್ಲ."

"ಸೇರಿದ ತಕ್ಷಣ ನನಗೆ ಫೋನ್ ಮಾಡು."

ಮೂರು ವಾರಕ್ಕೆ ನನ್ನವರು ಊರುಗೋಲಿನಲ್ಲಿ ಎಪ್ಪಿಂಗಿನ ಮನೆಯ ಒಳಗೆ ಬಂದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ದೇವರಿಗೆ ದೀಪ ಹಚ್ಚುವುದಕ್ಕೂ ಮುಂಚೆ ನಾನು ಆ ತಾಯಿಗೆ ಫೋನ್ ಮಾಡಿದೆ. "ಸೇರಿದ್ರು ಅಮ್ಮ" ಎಂದೆ. ಆ ಕಡೆಯಿಂದ "ಒಳ್ಳೇದಾಯ್ತು" ಎಂದರು, ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

ಹಣಮಪ್ಪ ಒಬ್ಬನನ್ನು ಯಾಕೆ ಉಳಿಸಿದ, ಒಬ್ಬನನ್ನು ಯಾಕೆ ಕರೆದುಕೊಂಡ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತೆಂದು ಹೇಳುವವರ ಹತ್ತಿರ ಈಗ ನಾನು ಕೂರುವುದಿಲ್ಲ. ಅವನು ಕೇಳಿಸಿಕೊಳ್ಳುತ್ತಾನೆ ಎನ್ನುವುದು ಮಾತ್ರ ಗೊತ್ತು, ಮೊದಲು ನಂಬಿದ್ದೆ, ಈಗ ಕಂಡಿದ್ದೇನೆ. ಇದನ್ನು ಸುಮಾಗೆ ಓದಿ ಹೇಳಿ, ಅವಳು ಕಳಿಸಿ ಎಂದ ಮೇಲೆಯೇ ನಿಮಗೆ ಕಳಿಸುತ್ತಿದ್ದೇನೆ. ಬರುವ ಶನಿವಾರ ನಿಮ್ಮ ಮನೆಯಲ್ಲಿ ದೀಪ ಹಚ್ಚುವಾಗ ಮೊದಲು ರಘುವಿನ ಹೆಸರು ಹೇಳಿ. ನನ್ನವರ ಹೆಸರು ಆಮೇಲೆ ಸಾಕು.